ಗಮಕ ವಾಚನಕ್ಕೊಂದು ಕೆಂಪು ಪೆಟ್ಟಿಗೆ: ಸ್ಕಾರ್ಲೆಟ್ 2ಐ2 ಆಡಿಯೊ ಇಂಟರ್‌ಫೇಸ್, ಒಂದು ವರ್ಷದ ಬಳಕೆಯ ನಂತರ

ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮದೊಂದು ಚಿಕ್ಕ ಗಮಕ ಬಳಗವಿದೆ. ತಿಂಗಳಿಗೆ ಎರಡು ಭಾನುವಾರ ಒಬ್ಬರ ಮನೆಯ ಹಾಲ್‌ನಲ್ಲಿ ಸೇರುತ್ತೇವೆ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ, ಉಳಿದವರು ಕೇಳುತ್ತೇವೆ. ಹಲವು ವರ್ಷ ಈ ವಾಚನಗಳನ್ನು ಮೊಬೈಲ್ ಫೋನನ್ನು ಟೀಪಾಯಿಯ ಮೇಲಿಟ್ಟು ರೆಕಾರ್ಡ್ ಮಾಡಿಕೊಂಡೆವು. ಅವುಗಳನ್ನು ಈಗ ಕೇಳಿದರೆ ಬೇಸರವಾಗುತ್ತದೆ. ಗಮಕಿಗಳು ಕರುಣ ರಸದ ಪದ್ಯವನ್ನು ಮೆಲುದನಿಯಲ್ಲಿ ಎತ್ತಿಕೊಂಡಾಗ ಫೋನು ತಾನಾಗಿಯೇ ಮಟ್ಟವನ್ನು ಏರಿಸಿ ಫ್ಯಾನಿನ ಸದ್ದನ್ನೂ ಬೀದಿಯ ಆಟೋಗಳ ಸದ್ದನ್ನೂ ಮುಂದಕ್ಕೆ ತಂದಿದೆ. ಯುದ್ಧವರ್ಣನೆಯಲ್ಲಿ ಅವರು ದನಿ ಎತ್ತಿದೊಡನೆ ಅದೇ ಫೋನು ಮಟ್ಟವನ್ನು ಇಳಿಸಿ ಆ ಏರಿಕೆಯನ್ನೇ ಅಳಿಸಿಹಾಕಿದೆ. ರಸಕ್ಕೆ ತಕ್ಕಂತೆ ದನಿ ಏರಿಳಿಯದೆ ಹೋದರೆ ಗಮಕದಲ್ಲಿ ಉಳಿಯುವುದು ಬರಿಯ ಪಾಠ. ಕಳೆದ ವರ್ಷ ಎಲ್ಲರೂ ಸೇರಿ ನಲವತ್ತು ಸಾವಿರ ರೂಪಾಯಿ ಕೂಡಿಸಿ, ಒಂದು ಆಡಿಯೊ ಇಂಟರ್‌ಫೇಸ್, ಒಂದು ಹೊಸ ಮೈಕು, ಎರಡು ಸ್ಟ್ಯಾಂಡು, ಕೇಬಲ್ಲುಗಳು ಮತ್ತು ಒಂದು ಹೆಡ್‌ಫೋನ್ ಕೊಂಡೆವು. ಈ ವಿಮರ್ಶೆ ಮುಖ್ಯವಾಗಿ ಆ ಇಂಟರ್‌ಫೇಸಿನದು: ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ 2ಐ2, ಮೂರನೆಯ ತಲೆಮಾರಿನದು.

ಈ ಪೆಟ್ಟಿಗೆಯ ಗುಣದೋಷ ಹೇಳಬೇಕಾದರೆ ಅದರ ಮೈಮೇಲೆ ಮತ್ತು ಕೈಪಿಡಿಯಲ್ಲಿ ಬರುವ ಹತ್ತಾರು ಪದಗಳನ್ನು ಬಿಡಿಸದೆ ಆಗುವುದಿಲ್ಲ. ನಮಗೆ ಮೊದಲ ಎರಡು ತಿಂಗಳು ಒಳ್ಳೆಯ ರೆಕಾರ್ಡಿಂಗ್ ಸಿಗದಿದ್ದುದಕ್ಕೆ ಆ ಪದಗಳ ಅರ್ಥ ನಮಗೆ ಸರಿಯಾಗಿ ತಿಳಿಯದಿದ್ದುದೇ ಕಾರಣ. ಅರ್ಥ ತಿಳಿದ ಮೇಲೆ ಅದೇ ಪೆಟ್ಟಿಗೆ, ಅದೇ ಮೈಕು, ಅದೇ ಕೋಣೆ ಬೇರೆಯೇ ಫಲ ಕೊಟ್ಟವು. ಕನ್ನಡದಲ್ಲಿ ಇವುಗಳನ್ನು ವಿವರಿಸಿದ ಬರಹ ನಮ್ಮ ಕೈಗೆ ಸಿಗಲಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಇಂಟರ್‌ಫೇಸ್ ಎಂದರೆ ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂರುವ ದುಭಾಷಿ. ಮೈಕು ಗಾಳಿಯ ಕಂಪನವನ್ನು ಬಹಳ ಸಣ್ಣ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಮಾತಿನ ಮಟ್ಟದಲ್ಲಿ ಅದು ಕೆಲವೇ ಮಿಲಿವೋಲ್ಟ್, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಆ ಸಂಕೇತವನ್ನು ಮೊದಲು ಹಿಗ್ಗಿಸುವ ಭಾಗಕ್ಕೆ ಪ್ರಿಆಂಪ್ ಎನ್ನುತ್ತಾರೆ. ಹಿಗ್ಗಿದ ಸಂಕೇತವನ್ನು ಅಳೆದು ಸಂಖ್ಯೆಗಳಾಗಿ ಬರೆಯುವ ಭಾಗ ಅನಲಾಗ್ ಟು ಡಿಜಿಟಲ್ ಕನ್ವರ್ಟರ್. ಕೇಳುವಾಗ ಸಂಖ್ಯೆಗಳನ್ನು ಮತ್ತೆ ವಿದ್ಯುತ್ತಾಗಿ ಮಾಡಿ ಹೆಡ್‌ಫೋನಿಗೆ ಕಳಿಸುವುದು ಅದರ ಜೋಡಿ, ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಈ ಮೂರೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಅಂಗಡಿಗಳಲ್ಲಿ ಇದನ್ನು ‘ಸೌಂಡ್ ಕಾರ್ಡ್’ ಎಂದೇ ಕರೆಯುತ್ತಾರೆ, ಹಾಗೆ ಕೇಳಿದರೂ ಕೊಡುತ್ತಾರೆ. 2ಐ2 ಎಂಬುದನ್ನು ‘ಟೂ ಐ ಟೂ’ ಎಂದು ಓದಬೇಕು. ಎರಡು ಒಳಹರಿವು, ಎರಡು ಹೊರಹರಿವು ಎಂದು ಅರ್ಥ. ಗಮಕಿಗೆ ಒಂದು, ವ್ಯಾಖ್ಯಾನಕಾರರಿಗೆ ಒಂದು: ನಮ್ಮ ಕಲೆಗೆ ಅಳತೆ ಕೊಟ್ಟು ಮಾಡಿಸಿದಂತಿದೆ.

ಫೋಕಸ್‌ರೈಟ್ ಇಂಗ್ಲೆಂಡಿನ ಕಂಪನಿ. ಮಿಕ್ಸಿಂಗ್ ಕನ್ಸೋಲುಗಳ ವಿನ್ಯಾಸಕ್ಕೆ ಹೆಸರಾದ ರೂಪರ್ಟ್ ನೀವ್ 1985ರಲ್ಲಿ ಅದನ್ನು ಆರಂಭಿಸಿದರು. 1989ರಲ್ಲಿ ಅದು ಫಿಲ್ ಡಡರಿಜ್ ಅವರ ಕೈಗೆ ಬಂತು. ಸ್ಕಾರ್ಲೆಟ್ ಮಾಲೆಯ ಮೂರನೆಯ ತಲೆಮಾರು 2019ರಲ್ಲಿ ಬಂದದ್ದು. ಲೋಹದ ಕೆಂಪು ಹೊದಿಕೆ, ಅಂಗೈಗಿಂತ ಸ್ವಲ್ಪ ದೊಡ್ಡ ಗಾತ್ರ, ಹಿಂದೆ ಯುಎಸ್‌ಬಿ ಸಿ ಕಿಂಡಿ. ಬೇರೆ ಅಡಾಪ್ಟರ್ ಬೇಡ. ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಪಡೆಯುತ್ತದೆ. ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಸ್ಕೂಟರಿನಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಒಯ್ಯಬಹುದು.

ಮೊದಲು ಗೇನ್. ಇದನ್ನು ವಾಲ್ಯೂಮ್ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದೆ. ವಾಲ್ಯೂಮ್ ಎಂಬುದು ಕೇಳುವವನ ಕಿವಿಗೆ ಸಂಬಂಧಿಸಿದ್ದು, ರೆಕಾರ್ಡಿಂಗನ್ನು ಅದು ಮುಟ್ಟುವುದಿಲ್ಲ. ಗೇನ್ ಎಂಬುದು ಪ್ರಿಆಂಪ್ ಮೈಕಿನ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಅಳತೆ, ಅದು ತಪ್ಪಿದರೆ ಫೈಲಿನಲ್ಲೇ ತಪ್ಪು ಉಳಿಯುತ್ತದೆ. 2ಐ2ರ ಮುಖದ ಮೇಲೆ ಎರಡು ಗೇನ್ ಗುಂಡಿಗಳಿವೆ, ಪ್ರತಿಯೊಂದರ ಸುತ್ತಲೂ ಒಂದು ಬೆಳಕಿನ ಬಳೆ. ಸಂಕೇತ ಬರುತ್ತಿದ್ದರೆ ಬಳೆ ಹಸಿರು, ಅಂಚಿಗೆ ಹತ್ತಿರವಾದರೆ ಹಳದಿ, ಮೀರಿದರೆ ಕೆಂಪು.

ಮೊದಲ ದಿನ ನಾನು ಗಮಕಿಗಳ ಮಾತನ್ನು ಕೇಳಿ ಗೇನ್ ಹೊಂದಿಸಿದೆ. ಅವರು ಎಂದಿನ ದನಿಯಲ್ಲಿ ‘ಸಾಕೇನಪ್ಪ?’ ಎಂದರು, ಬಳೆ ಹಸಿರಾಗಿತ್ತು, ಸಾಕೆಂದೆ. ನಾಂದಿಪದ್ಯದಲ್ಲಿ ಎಲ್ಲ ಸರಿಯಿತ್ತು. ಮೂರನೆಯ ಪದ್ಯದ ಕೊನೆಯ ಸಾಲಿನಲ್ಲಿ ಅವರು ತಾರಷಡ್ಜಕ್ಕೆ ಹೋಗಿ ನಿಂತಾಗ ಬಳೆ ಒಮ್ಮೆಲೇ ಕೆಂಪಾಯಿತು, ಅವರು ಆ ಸ್ವರದಲ್ಲಿ ನಿಂತಷ್ಟು ಹೊತ್ತೂ ಕೆಂಪಾಗಿಯೇ ಇತ್ತು. ಮನೆಗೆ ಬಂದು ಕೇಳಿದರೆ ಆ ಷಡ್ಜ ಒಡೆದ ಕಂಚಿನ ತಟ್ಟೆಯಂತೆ ಕರಕರ ಎನ್ನುತ್ತಿತ್ತು. ತೆರೆಯ ಮೇಲೆ ಆ ಭಾಗದ ಅಲೆಯ ಶಿಖರಗಳೆಲ್ಲ ಕತ್ತರಿಯಲ್ಲಿ ಸಮನಾಗಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದವು. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಹೀಗೆ ಕಳೆದುಹೋದುದನ್ನು ಆಮೇಲೆ ಎಷ್ಟು ಇಳಿಸಿದರೂ ಮರಳಿ ಪಡೆಯಲಾಗದು. ಚಪ್ಪಟೆಯಾದ ಅಲೆ ಸಣ್ಣದಾಗುತ್ತದೆ, ದುಂಡಗಾಗುವುದಿಲ್ಲ.

ಇಲ್ಲಿ ನಮ್ಮ ಹಳೆಯ ಅಭ್ಯಾಸವೂ ಅಡ್ಡ ಬಂದಿತ್ತು. ಕ್ಯಾಸೆಟ್ ಕಾಲದಲ್ಲಿ ಮೀಟರಿನ ಮುಳ್ಳು ಆಗೀಗ ಕೆಂಪು ಗೆರೆ ಮುಟ್ಟಬೇಕು, ಇಲ್ಲದಿದ್ದರೆ ಟೇಪಿನ ಸೊರಸೊರ ಶಬ್ದ ಮೇಲೆ ಬರುತ್ತದೆ ಎಂದು ಕಲಿತಿದ್ದೆವು. ಟೇಪು ಸ್ವಲ್ಪ ಹೆಚ್ಚಾದರೆ ಮೆತ್ತಗೆ ಹಿಂಡುತ್ತಿತ್ತೇ ಹೊರತು ಒಮ್ಮೆಲೇ ಒಡೆಯುತ್ತಿರಲಿಲ್ಲ. ಡಿಜಿಟಲ್‌ನಲ್ಲಿ ಮಟ್ಟವನ್ನು ಡಿಬಿಎಫ್‌ಎಸ್ ಎಂಬ ಡೆಸಿಬೆಲ್ ಮಾನದಲ್ಲಿ ಹೇಳುತ್ತಾರೆ; ಅಲ್ಲಿ ಸೊನ್ನೆಯೇ ಪಾತ್ರೆಯ ಕಂಠ, ಎಲ್ಲ ಅಳತೆಯೂ ಅದರಿಂದ ಕೆಳಕ್ಕೆ, ಋಣಸಂಖ್ಯೆಯಲ್ಲಿ. ಸೊನ್ನೆಯ ಮೇಲೆ ಬರೆಯಲು ಸಂಖ್ಯೆಯೇ ಇಲ್ಲ. ಆದ್ದರಿಂದ ಈಗ ಗಮಕಿಗಳಿಂದ ಆ ದಿನದ ಪ್ರಸಂಗದಲ್ಲಿ ಅತ್ಯಂತ ಏರುದನಿಯ ಪದ್ಯವನ್ನೇ ಮೊದಲು ಹಾಡಿಸುತ್ತೇನೆ, ಅದರ ಶಿಖರ ಮೈನಸ್ 12ರ ಸುತ್ತ ನಿಲ್ಲುವಂತೆ ಗೇನ್ ಇಡುತ್ತೇನೆ. ಆ ಬಿಟ್ಟ ಜಾಗಕ್ಕೆ ಹೆಡ್‌ರೂಮ್ ಎಂದು ಹೆಸರು. ಹಾಲು ಕಾಯಿಸುವವರು ಪಾತ್ರೆಯ ಕಂಠದವರೆಗೆ ತುಂಬಿಸುವುದಿಲ್ಲವಲ್ಲ, ಅದೇ ಲೆಕ್ಕ.

ಹೀಗೆ ಜಾಗ ಬಿಟ್ಟರೆ ಮೆಲುದನಿ ತೀರಾ ಕೆಳಗಿಳಿದು ಗದ್ದಲದಲ್ಲಿ ಮುಳುಗುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಬಿಟ್ ಡೆಪ್ತ್‌ನಲ್ಲಿದೆ. ಅದಕ್ಕೂ ಮೊದಲು ಸ್ಯಾಂಪಲ್ ರೇಟ್.

ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಇದು ತೀರಾ ಹೊಸ ಸಂಗತಿಯಲ್ಲ. ಭಾಮಿನಿಯ ಸಾಲನ್ನು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳಾಗಿ ಒಡೆದು ಆರು ಸಾಲಿಗೆ ಒಟ್ಟು 102 ಮಾತ್ರೆ ಎಂದು ಎಣಿಸುವಾಗ, ಎಡೆಬಿಡದೆ ಹರಿಯುವ ನುಡಿಯ ಕಾಲವನ್ನು ನಾವು ಸಮ ಅಳತೆಯ ತುಂಡುಗಳಲ್ಲಿ ಗುರುತಿಸುತ್ತೇವೆ. ಕನ್ವರ್ಟರ್ ಮಾಡುವುದೂ ಕಾಲವನ್ನು ಸಮನಾಗಿ ತುಂಡರಿಸುವ ಕೆಲಸವನ್ನೇ, ಆದರೆ ಸೆಕೆಂಡಿಗೆ 44,100 ಸಲ ಅಥವಾ 48,000 ಸಲ; ಪ್ರತಿ ತುಂಡಿನಲ್ಲಿ ಅಲೆ ಆ ಕ್ಷಣಕ್ಕೆ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆದಿಡುತ್ತದೆ. ಆ ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಒಂದು ಕಂಪನಾಂಕವನ್ನು (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅದರ ಮಾನ ಹರ್ಟ್ಸ್) ಪೂರ್ಣವಾಗಿ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದಕ್ಕೆ ತಳಹದಿ ಹಾಕಿದರು, ಕ್ಲಾಡ್ ಶ್ಯಾನನ್ 1949ರಲ್ಲಿ ಪ್ರಕಟಿಸಿದ ಬರಹದಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ, ಅದರ ಎರಡು ಪಟ್ಟು 40,000. ಕಿವಿಯ ಮಿತಿಗಿಂತ ಮೇಲಿನ ಕಂಪನಾಂಕಗಳನ್ನು ತಡೆಯುವ ಫಿಲ್ಟರಿಗೆ ಸ್ವಲ್ಪ ಜಾಗ ಸೇರಿಸಿದರೆ ಸಿಡಿಯ 44,100 ಬರುತ್ತದೆ. ಆ ವಿಚಿತ್ರ ಸಂಖ್ಯೆ ಬಂದದ್ದು ಆರಂಭದಲ್ಲಿ ಡಿಜಿಟಲ್ ಧ್ವನಿಯನ್ನು ವಿಡಿಯೊ ಟೇಪಿನ ಮೇಲೆ ಬರೆಯುತ್ತಿದ್ದುದರಿಂದ: ವಿಡಿಯೊ ಚಿತ್ರದ ಒಂದು ಗೆರೆಗೆ 3 ಸ್ಯಾಂಪಲ್, ಕ್ಷೇತ್ರವೆಂಬ ಅರೆಚಿತ್ರಕ್ಕೆ 245 ಗೆರೆ, ಸೆಕೆಂಡಿಗೆ 60 ಕ್ಷೇತ್ರ, ಗುಣಿಸಿದರೆ 44,100. ವಿಡಿಯೊ ಲೋಕದ ರೂಢಿ 48,000. ನಮ್ಮ ವಾಚನಗಳು ಕೊನೆಗೆ ಯೂಟ್ಯೂಬಿಗೆ ಹೋಗುವುದರಿಂದ ನಾವು ಇದನ್ನೇ ಆರಿಸಿಕೊಂಡಿದ್ದೇವೆ.

2ಐ2 ಪೆಟ್ಟಿಗೆ 192 ಕಿಲೋಹರ್ಟ್ಸ್‌ವರೆಗೆ ಹೋಗಬಲ್ಲದು. ಅದನ್ನು ದೊಡ್ಡ ಗುಣವೆಂದು ಹೊಗಳಿ ಮಾರುವವರಿದ್ದಾರೆ. ಗಮಕಕ್ಕೆ ಅದರ ಅಗತ್ಯ ನನಗೆ ಕಾಣಲಿಲ್ಲ. ಒಂದೂವರೆ ಗಂಟೆಯ ಕಾರ್ಯಕ್ರಮ, ಎರಡು ಚಾನೆಲ್, 24 ಬಿಟ್, 48 ಕಿಲೋಹರ್ಟ್ಸ್ ಆದರೆ ಸುಮಾರು 1.5 ಜಿಬಿ ಆಗುತ್ತದೆ. 192ಕ್ಕೆ ಏರಿಸಿದರೆ 6 ಜಿಬಿ ದಾಟುತ್ತದೆ. ನಮ್ಮ ಲ್ಯಾಪ್‌ಟಾಪು ಹಳೆಯದು, ಕೇಳುವ ನಮ್ಮ ಕಿವಿಗಳೂ ಅರವತ್ತು ದಾಟಿದವು.

ಬಿಟ್ ಡೆಪ್ತ್ ಎಂಬುದು ಅಳೆಯುವ ಕೋಲಿನ ಮೇಲಿನ ಗೀಟುಗಳ ಲೆಕ್ಕ. 16 ಬಿಟ್ಟಿನ ಕೋಲಿನಲ್ಲಿ 65,536 ಗೀಟುಗಳು, 24 ಬಿಟ್ಟಿನದರಲ್ಲಿ 1,67,77,216. ಒಂದೊಂದು ಬಿಟ್ ಹೆಚ್ಚಿದಂತೆ ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ಸದ್ದಿನ ನಡುವಿನ ಹರವು ಸುಮಾರು 6 ಡೆಸಿಬೆಲ್ ಹಿಗ್ಗುತ್ತದೆ. ಹಾಗಾಗಿ 16ಕ್ಕೆ ಸುಮಾರು 96, 24ಕ್ಕೆ ಲೆಕ್ಕದ ಪ್ರಕಾರ 144. ಯಾವ ಉಪಕರಣದ ವಿದ್ಯುತ್ ಭಾಗವೂ ನಿಜದಲ್ಲಿ 144 ಮುಟ್ಟುವುದಿಲ್ಲ. ಆದರೂ 24 ಬಿಟ್‌ನಲ್ಲಿ ಮೇಲೆ 12 ಡೆಸಿಬೆಲ್ ಖಾಲಿ ಬಿಟ್ಟರೂ ಕೆಳಗೆ ಬೇಕಾದಷ್ಟು ಉಳಿಯುತ್ತದೆ, ಪಿಸುಮಾತಿನ ಪದ್ಯ ಕೋಣೆಯ ಗದ್ದಲದಲ್ಲಿ ಮುಳುಗಬಹುದೇ ಹೊರತು ಬಿಟ್‌ಗಳ ಕೊರತೆಯಿಂದಲ್ಲ. ಸ್ಯಾಂಪಲ್ ರೇಟನ್ನು ಏರಿಸುವುದಕ್ಕಿಂತ ಬಿಟ್ ಡೆಪ್ತ್ 24ರಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಎಷ್ಟೋ ಪಾಲು ಮುಖ್ಯ.

ಮೈಕುಗಳ ವಿಷಯಕ್ಕೆ ಬಂದರೆ, ಗಮಕಿಗಳಿಗೆ ಹೊಸದಾಗಿ ಆಡಿಯೊ ಟೆಕ್ನಿಕಾ ಕಂಪನಿಯ ಎಟಿ2020 ಎಂಬ ಕಂಡೆನ್ಸರ್ ಮೈಕು ಕೊಂಡೆವು. ವ್ಯಾಖ್ಯಾನಕ್ಕೆ ಬಳಗದಲ್ಲಿ ಮೊದಲೇ ಇದ್ದ ಶ್ಯೂರ್ ಎಸ್‌ಎಂ58 ಎಂಬ ಡೈನಮಿಕ್ ಮೈಕು. ಎರಡನೆಯದು 1966ರಿಂದ ವೇದಿಕೆಗಳ ಮೇಲೆ ಬಾಳಿಬಂದ ಮಾದರಿ. ಡೈನಮಿಕ್ ಮೈಕಿನಲ್ಲಿ ತೆಳುವಾದ ಪೊರೆಗೆ ಅಂಟಿದ ತಂತಿಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿ ತಾನೇ ವಿದ್ಯುತ್ ಹುಟ್ಟಿಸುತ್ತದೆ. ಕಂಡೆನ್ಸರ್ ಮೈಕಿಗೆ ಹೊರಗಿನಿಂದ ವಿದ್ಯುತ್ ಬೇಕು. ಇಂಟರ್‌ಫೇಸಿನ ಮೇಲೆ 48ವಿ ಎಂದು ಬರೆದ ಗುಂಡಿ ಒತ್ತಿದರೆ ಅದೇ ಮೈಕಿನ ಕೇಬಲ್ಲಿನಲ್ಲಿ 48 ವೋಲ್ಟ್ ಹೋಗುತ್ತದೆ. ಬೇರೆ ತಂತಿ ಕಾಣದೆಯೇ ಬರುವುದರಿಂದ ಅದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು.

2ಐ2ರಲ್ಲಿ ಈ ಗುಂಡಿ ಒಂದೇ. ಒತ್ತಿದರೆ ಎರಡೂ ಕಿಂಡಿಗಳಿಗೆ ವೋಲ್ಟೇಜ್ ಹೋಗುತ್ತದೆ. ನಮ್ಮ ವ್ಯಾಖ್ಯಾನಕಾರರು ತಮ್ಮ ಹಳೆಯ ಮೈಕು ಸುಟ್ಟುಹೋದೀತೆಂದು ಬಹಳ ಹೆದರಿದರು. ಭಯ ಬೇಡ. ಎಕ್ಸ್‌ಎಲ್‌ಆರ್ ಎಂಬ ಮೂರು ಕಡ್ಡಿಯ ಕೇಬಲ್ಲಿನಲ್ಲಿ ಧ್ವನಿಯನ್ನು ಒಯ್ಯುವ ಎರಡೂ ತಂತಿಗಳಿಗೆ ಸಮನಾದ ವೋಲ್ಟೇಜ್ ಸಿಗುವುದರಿಂದ ಅವುಗಳ ನಡುವೆ ಕಟ್ಟಿರುವ ಸುರುಳಿಯಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಕೇಬಲ್ ಸರಿಯಾಗಿದ್ದರೆ ಡೈನಮಿಕ್ ಮೈಕಿಗೆ ಅಪಾಯವಿಲ್ಲ. ಗೇನ್ ಇಳಿಸಿ, ಮೈಕು ಸಿಕ್ಕಿಸಿ, ಆಮೇಲೆ 48ವಿ ಒತ್ತಿ, ಕೆಲವು ಸೆಕೆಂಡು ಕಾಯುವ ಕ್ರಮ ಇಟ್ಟುಕೊಂಡರೆ ಹೆಡ್‌ಫೋನಿನಲ್ಲಿ ಢಬ್ ಎಂಬ ಸದ್ದೂ ಬರುವುದಿಲ್ಲ.

ಕೇಬಲ್ಲಿನಿಂದ ನಮಗೊಂದು ಸಂಜೆ ಹಾಳಾಯಿತು. ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಮೈಕಿನ ಕೇಬಲ್ ಕೇಳಿದಾಗ ಒಂದು ತುದಿಯಲ್ಲಿ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ದಪ್ಪ ಪಿನ್ ಇರುವುದನ್ನು ಕೊಟ್ಟರು. ಸಣ್ಣ ಆಂಪ್ಲಿಫೈಯರುಗಳಿಗೆ ಮೈಕು ಸಿಕ್ಕಿಸಲು ಬಳಸುವಂಥದ್ದು. 2ಐ2ರ ಕಿಂಡಿಗಳು ಎರಡೂ ಬಗೆಯನ್ನು ಒಳಗೆ ಬಿಟ್ಟುಕೊಳ್ಳುವುದರಿಂದ ಪಿನ್ ಸಲೀಸಾಗಿ ಕೂತಿತು, ಆದರೆ ಕಂಡೆನ್ಸರ್ ಮೈಕಿನಿಂದ ಉಸಿರೂ ಬರಲಿಲ್ಲ. ಆ ದಪ್ಪ ಪಿನ್ ಹೋಗುವ ದಾರಿ ಲೈನ್ (ಬೇರೆ ಉಪಕರಣದಿಂದ ಮೊದಲೇ ಹಿಗ್ಗಿ ಬಂದ ಸಂಕೇತ) ಮತ್ತು ಗಿಟಾರಿನಂಥ ವಾದ್ಯಗಳಿಗೆ ಮೀಸಲಾದದ್ದು, ಅಲ್ಲಿ ಫ್ಯಾಂಟಮ್ ಪವರ್ ಇರುವುದಿಲ್ಲ. ಕೇಳುವಾಗ ‘ಎರಡೂ ತುದಿಯಲ್ಲಿ ಎಕ್ಸ್‌ಎಲ್‌ಆರ್, ಒಂದು ಗಂಡು ಒಂದು ಹೆಣ್ಣು’ ಎಂದು ಬಿಡಿಸಿ ಹೇಳಿ ತನ್ನಿ. ಈ ಕೇಬಲ್ಲಿಗೆ ಇನ್ನೊಂದು ಗುಣವಿದೆ: ಒಳಗಿನ ಎರಡು ತಂತಿಗಳು ಒಂದೇ ಧ್ವನಿಯನ್ನು ತಿರುವುಮುರುವಾಗಿ ಒಯ್ಯುತ್ತವೆ, ದಾರಿಯಲ್ಲಿ ಸೇರುವ ಗದ್ದಲ ಎರಡರಲ್ಲೂ ಒಂದೇ ರೀತಿ ಸೇರುತ್ತದೆ, ಕೊನೆಯಲ್ಲಿ ಒಂದರಿಂದ ಒಂದನ್ನು ಕಳೆದಾಗ ಗದ್ದಲ ಮಾತ್ರ ಕಳೆದುಹೋಗುತ್ತದೆ. ಬ್ಯಾಲೆನ್ಸ್ಡ್ ಎಂದರೆ ಇಷ್ಟೆ.

ಮೂರನೆಯ ತಲೆಮಾರಿನ 2ಐ2ರ ಮೈಕ್ ಗೇನ್ ಹರವು 56 ಡೆಸಿಬೆಲ್. ಕಂಡೆನ್ಸರಿಗೆ ಇದು ಧಾರಾಳ. ಗಮಕಿಗಳ ಗುಂಡಿ ನಡುಮಟ್ಟ ದಾಟುವುದಿಲ್ಲ. ಡೈನಮಿಕ್ ಮೈಕಿನ ಸಂಕೇತ ಹುಟ್ಟಿನಿಂದಲೇ ಸಣ್ಣದು, ಮೆಲ್ಲನೆ ಮಾತಾಡುವವರು ಮೈಕಿನಿಂದ ಒಂದು ಗೇಣಿಗಿಂತ ದೂರ ಕೂತರೆ ಗುಂಡಿಯನ್ನು ತುದಿಯವರೆಗೆ ತಿರುಗಿಸಬೇಕಾಗುತ್ತದೆ. ಹತ್ತಿರ ಕೂರುವುದೇ ಪರಿಹಾರ, ಅದಕ್ಕೆ ಖರ್ಚೂ ಇಲ್ಲ.

ಗಮಕಿಗಳಿಗೆ ಅತಿ ಹೆಚ್ಚು ಕಿರಿಕಿರಿ ಮಾಡಿದ್ದು ಲೇಟೆನ್ಸಿ. ಅವರಿಗೆ ಶ್ರುತಿಯನ್ನು ಹೆಡ್‌ಫೋನಿನಲ್ಲಿ ಕೊಡುತ್ತೇವೆ, ತಂಬೂರಿಯ ದನಿ ಮೈಕಿಗೆ ಸೇರದೆ ಬೇರೆ ಟ್ರ್ಯಾಕಿನಲ್ಲಿ ಉಳಿಯಲಿ, ವ್ಯಾಖ್ಯಾನದ ವೇಳೆ ಅದನ್ನು ಇಳಿಸಲು ಅನುಕೂಲವಾಗಲಿ ಎಂದು. ಮೊದಲ ಸಲ ಹಾಕಿಕೊಂಡವರು ಎರಡೇ ಸಾಲಿಗೆ ನಿಲ್ಲಿಸಿ, ‘ನನ್ನ ಹಿಂದೆ ಯಾರೋ ನನ್ನನ್ನೇ ಅಣಕಿಸುತ್ತಿರುವ ಹಾಗಿದೆ ಕಣಪ್ಪ, ಇದರಲ್ಲಿ ಹಾಡುವುದು ಹೇಗೆ?’ ಎಂದು ಹೆಡ್‌ಫೋನ್ ತೆಗೆದಿಟ್ಟರು. ಕಂಪ್ಯೂಟರು ಸ್ಯಾಂಪಲ್‌ಗಳನ್ನು ಒಂದೊಂದಾಗಿ ಅಲ್ಲ, ಬಫರ್ ಎಂಬ ಬುಟ್ಟಿಯಲ್ಲಿ ತುಂಬಿಸಿಕೊಂಡು ಕಂತುಕಂತಾಗಿ ತೆಗೆದುಕೊಳ್ಳುತ್ತದೆ. ನಮ್ಮಲ್ಲಿ ಬುಟ್ಟಿಯ ಅಳತೆ 1024 ಇತ್ತು. 48,000ದ ದರದಲ್ಲಿ ಅದು ತುಂಬಲು 21 ಮಿಲಿಸೆಕೆಂಡ್ ಬೇಕು, ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಮತ್ತೊಮ್ಮೆ, ಒಟ್ಟು 40 ದಾಟುತ್ತದೆ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ ಎಂದು ಲೆಕ್ಕ ಹಾಕಿದರೆ, ಹದಿನಾಲ್ಕು ಮೀಟರ್ ಆಚೆ ನಿಂತು ಹಾಡುತ್ತಿರುವ ತನ್ನನ್ನೇ ತಾನು ಕೇಳಿಸಿಕೊಂಡಂತೆ. ಬಫರನ್ನು 128ಕ್ಕೆ ಇಳಿಸಿದರೆ ಒಂದು ಕಂತು 3 ಮಿಲಿಸೆಕೆಂಡಿಗಿಂತ ಕಡಿಮೆ, ಆದರೆ ಹಳೆಯ ಲ್ಯಾಪ್‌ಟಾಪಿಗೆ ಉಸಿರು ಕಟ್ಟಿ ಚಟಪಟ ಸದ್ದು ಬೀಳುತ್ತದೆ.

ಇದಕ್ಕೆ ಪೆಟ್ಟಿಗೆಯಲ್ಲೇ ಪರಿಹಾರವಿದೆ, ಅದನ್ನು ಕೈಪಿಡಿಯಲ್ಲಿ ಓದಿಯೂ ಅರ್ಥ ಮಾಡಿಕೊಳ್ಳದೆ ಕೂತಿದ್ದೆವು. ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಮೈಕಿನ ದನಿಯನ್ನು ಕಂಪ್ಯೂಟರಿಗೆ ಕಳಿಸುವುದರ ಜೊತೆಗೆ ಪೆಟ್ಟಿಗೆಯೊಳಗಿನಿಂದಲೇ ನೇರವಾಗಿ ಹೆಡ್‌ಫೋನಿಗೂ ಕೊಡುತ್ತದೆ. ಮೋನೋ ಆರಿಸಿದರೆ ಎರಡೂ ಮೈಕು ಎರಡೂ ಕಿವಿಯ ನಡುವೆ ಕೇಳುತ್ತವೆ, ಸ್ಟೀರಿಯೊ ಆರಿಸಿದರೆ ಒಂದು ಎಡಗಿವಿಗೆ, ಒಂದು ಬಲಗಿವಿಗೆ. ನಮಗೆ ಮೋನೋ ಹಿತ. ಸಾಫ್ಟ್‌ವೇರಿನಲ್ಲಿ ಮಾನಿಟರಿಂಗ್ ನಿಲ್ಲಿಸುವುದನ್ನು ಮರೆತರೆ ಮಾತ್ರ ನೇರ ದನಿಯೂ ತಡವಾದ ದನಿಯೂ ಎರಡೂ ಕೇಳಿ ಮೊದಲಿಗಿಂತ ಕೆಟ್ಟದಾಗುತ್ತದೆ. ಈ ಒಂದು ಗುಂಡಿಗಾಗಿಯೇ ಪೆಟ್ಟಿಗೆಗೆ ಕೊಟ್ಟ ಹಣ ಸಾರ್ಥಕವೆಂದು ನಾನು ಭಾವಿಸುತ್ತೇನೆ. ಅಂದಿನಿಂದ ಗಮಕಿಗಳು ಹೆಡ್‌ಫೋನ್ ತೆಗೆದಿಟ್ಟಿಲ್ಲ.

ಎರಡು ಮೈಕು ಒಂದೇ ಕೋಣೆಯಲ್ಲಿದ್ದರೆ ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ನುಸುಳುತ್ತದೆ. ಅದಕ್ಕೆ ಬ್ಲೀಡ್ ಎನ್ನುತ್ತಾರೆ. ನುಸುಳಿದ ದನಿ ಕ್ಷಣಕಾಲ ತಡವಾಗಿ ಬರುವುದರಿಂದ, ಎರಡನ್ನೂ ಕೂಡಿಸಿದಾಗ ಕೆಲವು ಕಂಪನಾಂಕಗಳು ಒಂದನ್ನೊಂದು ಹೊಡೆದುಹಾಕಿ ದನಿ ಡಬ್ಬಿಯೊಳಗಿನಿಂದ ಬಂದಂತೆ ಆಗುತ್ತದೆ. ಬಾಯಿಗೂ ಮೈಕಿಗೂ ಎಷ್ಟು ದೂರವೋ ಅದರ ಮೂರು ಪಟ್ಟಾದರೂ ಮೈಕಿಗೂ ಮೈಕಿಗೂ ದೂರವಿರಬೇಕೆಂಬುದು ಈ ಕೆಲಸದವರ ರೂಢಿಯ ನಿಯಮ. ಬಾಯಿಂದ ಒಂದು ಗೇಣಾದರೆ ಮೈಕುಗಳ ನಡುವೆ ಕನಿಷ್ಠ ಮೂರು ಗೇಣು. ನಾವು ಐದು ಅಡಿ ಇಟ್ಟಿದ್ದೇವೆ. ನಮ್ಮ ಎರಡೂ ಮೈಕುಗಳು ಕಾರ್ಡಿಯಾಯ್ಡ್, ಅಂದರೆ ಮುಂದಿನದನ್ನು ಚೆನ್ನಾಗಿ ಕೇಳಿ ಬೆನ್ನ ಹಿಂದಿನದನ್ನು ಹೆಚ್ಚುಕಡಿಮೆ ಬಿಡುವಂಥವು. ಸಭೆಯಲ್ಲಿ ಗಮಕಿ ಮತ್ತು ವ್ಯಾಖ್ಯಾನಕಾರರು ಪಕ್ಕಪಕ್ಕದಲ್ಲಿ ಕೂರುವುದು ಪದ್ಧತಿ. ರೆಕಾರ್ಡಿಂಗಿಗೆ ಅವರನ್ನು ಎದುರುಬದುರು ಕೂರಿಸಿದೆವು, ಒಬ್ಬರ ಮೈಕಿನ ಬೆನ್ನು ಇನ್ನೊಬ್ಬರ ಮುಖಕ್ಕೆ ಬರುವಂತೆ. ಇದರಿಂದ ಇಬ್ಬರೂ ಪರಸ್ಪರ ಮುಖ ನೋಡಿಕೊಂಡು ನಡೆಸುವುದು ಸಾಧ್ಯವಾಗಿ ವ್ಯಾಖ್ಯಾನಕ್ಕೆ ಒಂದು ಜೀವಕಳೆಯೂ ಬಂದಿದೆ.

ಕನ್ನಡ ಕಾವ್ಯಕ್ಕೇ ವಿಶೇಷವಾದ ಒಂದು ತೊಂದರೆಯನ್ನು ಹೇಳಬೇಕು. ಭಾರತ ಕಥೆಯಲ್ಲಿ ಭೀಮ, ಭೀಷ್ಮ, ಫಲುಗುಣ ಎಂದು ಮಹಾಪ್ರಾಣಗಳ ಸಾಲೇ ಇದೆ. ಗಮಕಿಗಳು ಅವುಗಳನ್ನು ಸ್ಫುಟವಾಗಿ ಉಚ್ಚರಿಸಿದಷ್ಟೂ ಬಾಯಿಂದ ಚಿಮ್ಮುವ ಗಾಳಿ ಪೊರೆಗೆ ಬಡಿದು ಧಡ್ ಎನ್ನುತ್ತದೆ. ಉಚ್ಚಾರವನ್ನು ಮೆತ್ತಗೆ ಮಾಡಿ ಎಂದು ಗಮಕಿಗಳಿಗೆ ಹೇಳುವುದು ಅಪಚಾರ. ಪಾಪ್ ಫಿಲ್ಟರ್ ಎಂಬ ಬಲೆಯನ್ನು ನಡುವೆ ಇಟ್ಟು, ಮೈಕನ್ನು ಬಾಯಿಯ ನೇರಕ್ಕಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಿಸಿದೆವು. ಆಮೇಲೆ ಸಾಫ್ಟ್‌ವೇರಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆವು. ನಮ್ಮ ಗಮಕಿಗಳ ಶ್ರುತಿ ಒಂದು ಮನೆ, ಷಡ್ಜ ಸುಮಾರು 131 ಹರ್ಟ್ಸ್, ಮಂದ್ರ ಪಂಚಮ ಸುಮಾರು 98. ಹಾಗಾಗಿ 80ರ ಕತ್ತರಿಗೆ ಸ್ವರ ಸಿಕ್ಕುವುದಿಲ್ಲ, ಬಡಿತ ಮಾತ್ರ ಸಿಕ್ಕುತ್ತದೆ.

ಹಮ್ ಎಂಬ ಗುಂಯ್‌ಗುಡುವಿಕೆ ಬಹಳ ದಿನ ಕಾಡಿತು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್, ಅದರ ಪಟ್ಟುಗಳಾದ 100, 150ರಲ್ಲಿಯೂ ಈ ಸದ್ದು ಕೂತಿರುತ್ತದೆ, ಮಂದ್ರ ಸ್ವರಗಳ ನೆರೆಯಲ್ಲೇ. ಪೆಟ್ಟಿಗೆಯನ್ನು ಶಂಕಿಸಿದೆವು, ಮೈಕನ್ನು ಶಂಕಿಸಿದೆವು. ಒಂದು ಸಂಜೆ ವಾಚನದ ನಡುವೆ ಕರೆಂಟ್ ಹೋಯಿತು. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಕತ್ತಲಲ್ಲಿ ಗೇನ್ ಬಳೆಗಳೆರಡೂ ಹಸಿರಾಗಿ ಮಿನುಗುತ್ತಿದ್ದವು, ಹೆಡ್‌ಫೋನಿನಲ್ಲಿ ಹಮ್ ಪೂರ್ತಿಯಾಗಿ ನಿಂತುಹೋಗಿತ್ತು. ಕಾರಣ ಲ್ಯಾಪ್‌ಟಾಪಿನ ಚಾರ್ಜರು. ಈಗ ಮೊದಲೇ ಚಾರ್ಜ್ ಮಾಡಿಕೊಂಡು, ರೆಕಾರ್ಡಿಂಗ್ ವೇಳೆ ಚಾರ್ಜರ್ ಕಿತ್ತು ಇಡುತ್ತೇವೆ. ಫ್ಯಾನಿನ ಸದ್ದಿಗೆ ಅದನ್ನು ಆರಿಸುವುದೇ ಮದ್ದು. ಗೋಡೆಗೆ ಕಂಬಳಿ ಇಳಿಬಿಡುವುದು, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡುವುದು ಇವು ಪ್ರತಿಧ್ವನಿಗೆ ಮದ್ದು. ಬೀದಿಯ ಸದ್ದಿಗೆ ರಾತ್ರಿ ಹತ್ತರ ನಂತರ ಕೂರುವುದೇ ಮದ್ದು.

ರೆಕಾರ್ಡ್ ಮಾಡುವ ಸಾಫ್ಟ್‌ವೇರಿಗೆ ಡಿಎಡಬ್ಲ್ಯು, ಅಂದರೆ ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಎನ್ನುತ್ತಾರೆ. ಪೆಟ್ಟಿಗೆಯ ಜೊತೆ ಏಬಲ್ಟನ್ ಲೈವ್ ಲೈಟ್ ಉಚಿತವಾಗಿ ಬರುತ್ತದೆ, ಅದು ಬೇರೆ ಬಗೆಯ ಸಂಗೀತ ಕಟ್ಟುವವರಿಗೆ ಹೆಚ್ಚು ಒಗ್ಗುತ್ತದೆ. 2000ದಲ್ಲಿ ಬಿಡುಗಡೆಯಾದ ಉಚಿತ ಆಡಾಸಿಟಿಯಲ್ಲಿ ನಾವು ಆರಂಭಿಸಿದೆವು. ವಿಂಡೋಸಿನಲ್ಲಿ ಲೇಟೆನ್ಸಿ ಕಡಿಮೆ ಮಾಡುವ ಆಸಿಯೊ ಎಂಬ ಸಂಪರ್ಕ ನಾವು ಬಳಸಿದ ಆವೃತ್ತಿಯಲ್ಲಿ ಇರಲಿಲ್ಲವಾದ್ದರಿಂದ ಆಮೇಲೆ ರೀಪರ್ ಎಂಬ ಇನ್ನೊಂದು ಡಿಎಡಬ್ಲ್ಯುಗೆ ಬದಲಾದೆವು. ಪೆಟ್ಟಿಗೆಯ ಏರ್ ಗುಂಡಿ ಕಂಪನಿಯ ಹಳೆಯ ಐಎಸ್‌ಎ ಪ್ರಿಆಂಪಿನ ಗುಣವನ್ನು ಅನುಕರಿಸಿ ಮೇಲಿನ ಕಂಪನಾಂಕಗಳಿಗೆ ಹೊಳಪು ಕೊಡುತ್ತದೆ. ವಯಸ್ಸಾದ, ಸ್ವಲ್ಪ ಮಸುಕಾದ ದನಿಗೆ ಅದು ಹಿತ; ನಮ್ಮ ಗಮಕಿಗಳ ಸಕಾರ ಶಕಾರಗಳಿಗೆ ಚುಚ್ಚುತ್ತದೆ, ಬಳಸುವುದಿಲ್ಲ. ಮಿಡಿ ಕಿಂಡಿ ಈ ಮಾದರಿಯಲ್ಲಿ ಇಲ್ಲ. ಬೇಕಾಗಿಯೂ ಇಲ್ಲ: 1983ರಲ್ಲಿ ಬಂದ ಮಿಡಿ ಧ್ವನಿಯಲ್ಲ, ಸ್ವರಲಿಪಿಯಂತೆ ಯಾವ ಸ್ವರ, ಯಾವಾಗ, ಎಷ್ಟು ಬಲವಾಗಿ ಎಂದು ಹೇಳುವ ಸಂದೇಶ ಮಾತ್ರ.

ಕೊನೆಗೆ ಫೈಲು. ರೆಕಾರ್ಡ್ ಮಾಡಿದ್ದು ವೇವ್ ರೂಪದಲ್ಲಿರುತ್ತದೆ, ಅಳೆದ ಪ್ರತಿ ಸಂಖ್ಯೆಯೂ ಅದರಲ್ಲಿ ಇದೆ. ಎಂಪಿ3 ಎಂದರೆ ಕಿವಿಗೆ ತಿಳಿಯಲಾರದೆಂದು ಎಣಿಸಿದ ಅಂಶಗಳನ್ನು ಎಸೆದು ಕಿರಿದಾಗಿಸಿದ ಪ್ರತಿ. ಎಸೆದದ್ದು ಮರಳಿ ಬಾರದು. ವಾಟ್ಸಾಪಿನಲ್ಲಿ ಹಂಚಲು ಎಂಪಿ3 ಸಾಕು, ಬಳಗದ ಸಂಗ್ರಹಕ್ಕೆ ವೇವ್ ಮೂಲವನ್ನೇ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟಿದ್ದೇವೆ. ಹೀಗೆ ಕಿರಿದಾಗಿಸುವುದಕ್ಕೂ ಕಂಪ್ರೆಷನ್ ಎನ್ನುತ್ತಾರೆ, ಜೋರು ದನಿಯನ್ನು ತಗ್ಗಿಸಿ ಒಟ್ಟು ಮಟ್ಟವನ್ನು ಸಮ ಮಾಡುವುದಕ್ಕೂ ಕಂಪ್ರೆಷನ್ ಎಂದೇ ಹೆಸರು. ಎರಡನೆಯದು ಸಾಫ್ಟ್‌ವೇರಿನಲ್ಲಿ ಕಂಪ್ರೆಸರ್ ಎಂಬ ಹೆಸರಿನಲ್ಲಿ ಕೂತಿದ್ದು, ವ್ಯಾಖ್ಯಾನದ ಮಾತಿಗೆ ಸ್ವಲ್ಪ ಹಾಕಿದರೆ ಸ್ಪಷ್ಟತೆ ಬರುತ್ತದೆ. ಗಮಕದ ಟ್ರ್ಯಾಕಿಗೆ ನಾವು ಹಾಕುವುದಿಲ್ಲ. ಫೋನು ಮಾಡುತ್ತಿದ್ದ ಅನ್ಯಾಯವನ್ನೇ ಇದು ಬೇರೆ ಹೆಸರಿನಲ್ಲಿ ಮಾಡೀತು. ಯೂಟ್ಯೂಬು ಮತ್ತು ಸ್ಪಾಟಿಫೈಗಳು ಜೋರಾದ ಧ್ವನಿಯನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಾವಾಗಿಯೇ ಇಳಿಸುತ್ತವೆ. ಎಲ್‌ಯುಎಫ್‌ಎಸ್ ಎಂಬುದು ಶಿಖರದ ಅಳತೆಯಲ್ಲ, ಕಿವಿಗೆ ಒಟ್ಟಾರೆ ಎಷ್ಟು ಜೋರೆನಿಸುತ್ತದೆ ಎಂಬುದರ ಅಳತೆ. ಆದ್ದರಿಂದ ಹಿಂಡಿ ಹಿಂಡಿ ಜೋರು ಮಾಡಿ ಕಳಿಸುವುದರಿಂದ ಏನೂ ದೊರೆಯದು.

ಈಗ ಕೊಳ್ಳುವವರಿಗೆ ಎರಡು ಮಾತು. 2023ರಲ್ಲಿ ನಾಲ್ಕನೆಯ ತಲೆಮಾರಿನ 2ಐ2 ಬಂದಿದೆ. ಅದರ ಗೇನ್ ಹರವು 69 ಡೆಸಿಬೆಲ್, ಹಾಡಿಸಿ ಕೇಳಿ ತಾನೇ ಗೇನ್ ಹೊಂದಿಸುವ ಆಟೋ ಗೇನ್ ಮತ್ತು ಮಟ್ಟ ಮೀರುವ ಮೊದಲೇ ಇಳಿಸುವ ಕ್ಲಿಪ್ ಸೇಫ್ ಎಂಬ ಸೌಲಭ್ಯಗಳಿವೆ. ಡೈನಮಿಕ್ ಮೈಕನ್ನೇ ಬಳಸುವವರು, ರೆಕಾರ್ಡಿಂಗಿಗೆ ಬೇರೆ ಜನ ಇಲ್ಲದೆ ಹಾಡುವವರೇ ಗುಂಡಿಯನ್ನೂ ತಿರುಗಿಸಬೇಕಾದವರು ಅದನ್ನೇ ಕೊಳ್ಳಲಿ. ಹಳೆಯದು ಕಡಿಮೆ ಬೆಲೆಗೆ ಸಿಕ್ಕರೆ, ಕಂಡೆನ್ಸರ್ ಮೈಕು ಇದ್ದರೆ, ಮೂರನೆಯ ತಲೆಮಾರಿನದು ಗಮಕ, ಹರಿಕಥೆಯ ಅಭ್ಯಾಸ, ಒಂಟಿ ವೀಣೆ ಅಥವಾ ಕೊಳಲು, ಮನೆಪಾಠ ಇವಕ್ಕೆಲ್ಲ ಸಾಕು. ಪಿಟೀಲು, ಮೃದಂಗ, ಘಟ ಸೇರಿದ ಪೂರ್ಣ ಕಚೇರಿಗೆ ಎರಡು ಕಿಂಡಿ ಸಾಲವು. ಹೆಡ್‌ಫೋನ್ ಕಿಂಡಿಯೂ ಒಂದೇ. ನಮ್ಮಲ್ಲಿ ಗಮಕಿಗಳಿಗೆ ಮಾತ್ರ ಹೆಡ್‌ಫೋನ್ ಸಾಕಾದ್ದರಿಂದ ನಡೆದಿದೆ. ಇಬ್ಬರಿಗೂ ಬೇರೆ ಬೇರೆ ಬೇಕೆನ್ನುವವರು ಅದೇ ಮಾಲೆಯ, ಮೂರನೆಯ ತಲೆಮಾರಿನ 18ಐ8 ನೋಡಲಿ, ಅದರಲ್ಲಿ ಎರಡು ಹೆಡ್‌ಫೋನ್ ಕಿಂಡಿಗಳೂ ನಾಲ್ಕು ಮೈಕ್ ಪ್ರಿಆಂಪುಗಳೂ ಇವೆ.